ಅಕ್ಕನ ನಲವತ್ತಮೂರು ಕುಂಡ, ಕಂಡಕ್ಟ್ರಣ್ಣನ ಒಂದು ಕಡಲು

ನಮ್ಮ ಬೀದಿಯಲ್ಲಿ ಯಾರಾದರೂ ಮನೆಗೆ ಬೀಗ ಹಾಕಿಕೊಂಡು ಊರಿಗೆ ಹೊರಟರೆ ಸಾಕು, ಬೆನ್ನಿಗೇ ಏನಾದರೊಂದು ಆಗಿಯೇ ತೀರುತ್ತದೆ. ಅದರಲ್ಲೆಲ್ಲ ನನ್ನ ಕೈವಾಡ ಇರುತ್ತದೆ ಎಂದು ದೊಡ್ಡಬಳ್ಳಾಪುರದ ಅರ್ಧ ಜನ ಹೇಳುತ್ತಾರೆ. ಇನ್ನರ್ಧ ಜನಕ್ಕೆ ನನ್ನ ಪರಿಚಯವಿಲ್ಲ.

ನಾನು ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುವವನು. ಮಗ್ಗ ಬಿಟ್ಟು ಎಲ್ಲೂ ಅಲ್ಲಾಡುವ ಹಾಗಿಲ್ಲ. ಆದ್ದರಿಂದ ಯಾರು ಎಲ್ಲಿಗೆ ಹೋದರೂ ಬೀಗದ ಕೈ ನನ್ನ ಕೈಗೆ ಬರುತ್ತದೆ. ಹಾಲಿನವನಿಗೆ ಬೇಡ ಅನ್ನು, ಪೇಪರ್ ಎತ್ತಿಡು, ಗಿಡಕ್ಕೆ ನೀರು ಹಾಕು. ಮೊದಲೆರಡು ಕೆಲಸ ನಾನು ಅಚ್ಚುಕಟ್ಟಾಗಿ ಮಾಡುತ್ತೇನೆ. ಮೂರನೆಯದನ್ನೂ ಮಾಡುತ್ತೇನೆ, ಆದರೆ ಅದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ.

ನಮ್ಮ ಪಕ್ಕದ ಮನೆಯಲ್ಲಿರುವುದು ಕಂಡಕ್ಟ್ರಣ್ಣ ಮತ್ತು ಅವನ ಹೆಂಡತಿ. ಅಣ್ಣ ಮೂವತ್ತು ವರ್ಷ ಬಸ್ಸಿನಲ್ಲಿ ಸೀಟಿ ಊದಿ ರಿಟೈರ್ ಆದವನು. ಅವನ ಹೆಂಡತಿಯನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತೇವೆ. ರಿಟೈರ್ ಆದ ದಿನ ಹಾರ ಹಾಕಿಸಿಕೊಂಡು ಬಂದ ಅಣ್ಣ ನನ್ನ ಮಗ್ಗದ ಮನೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ: "ಮೂವತ್ತು ವರ್ಷ ಬಸ್ಸಲ್ಲಿ ನಿಂತ್ಕೊಂಡೇ ಓಡಾಡ್ದೆ ಗುರು. ಇನ್ನು ಒಂದೇ ಆಸೆ. ಕಿಟಕಿ ಪಕ್ಕ ಕೂತ್ಕೊಂಡು ಹೋಗಿ ಇವಳಿಗೆ ಸಮುದ್ರ ತೋರಿಸ್ಬೇಕು."

ಅಕ್ಕ ಸಮುದ್ರ ನೋಡಿಲ್ಲ. ಅಣ್ಣ ನೋಡಿದ್ದಾನೆ, ಆದರೆ ಡ್ಯೂಟಿ ಮೇಲೆ. ಅಂದರೆ ಸಮುದ್ರ ಎದುರಿಗೆ ಬಂದಾಗಲೆಲ್ಲ ಅವನು ಬೆನ್ನು ತಿರುಗಿಸಿ ಹಿಂದಿನ ಸೀಟಿನವರ ಟಿಕೆಟ್ ನೋಡುತ್ತಿದ್ದ.

ಅಡ್ಡ ಬಂದದ್ದು ಅಕ್ಕನ ಗಿಡಗಳು. ಮನೆಯೊಳಗೇ ನಲವತ್ತಮೂರು ಕುಂಡ. ಹಾಲಿನಲ್ಲಿ, ಮೆಟ್ಟಿಲ ಮೇಲೆ, ಅಡುಗೆಮನೆ ಕಿಟಕಿಯಲ್ಲಿ, ಫ್ರಿಜ್ಜಿನ ನೆತ್ತಿಯಲ್ಲಿ. ಪೇಂಟ್ ಡಬ್ಬದಲ್ಲೊಂದು, ತಳ ಸೀದ ಕುಕ್ಕರಿನಲ್ಲೊಂದು, ಅಣ್ಣನ ಹಳೇ ಹೆಲ್ಮೆಟ್ಟಿನಲ್ಲೊಂದು. ಅಣ್ಣ "ಸಮುದ್ರ" ಎಂದು ಬಾಯಿ ತೆರೆದರೆ ಅಕ್ಕ "ಇವಕ್ಕೆ ನೀರು ಹಾಕೋರು ಯಾರು?" ಎಂದು ಮುಚ್ಚಿಸುತ್ತಿದ್ದಳು. ಮೊದಲು ಒಂದೆರಡು ದಿನದ ಸಣ್ಣ ಊರುಗಳಲ್ಲಿ ಅಭ್ಯಾಸವಾಗಲಿ, ಆಮೇಲೆ ಸಮುದ್ರ ಎಂದು ನಾನೇ ಧೈರ್ಯ ತುಂಬಿದೆ. ನೀರು ಹಾಕುವ ಹೊಣೆಯನ್ನೂ ಹೊತ್ತುಕೊಂಡೆ.

ಒಂದು: ಕಿಟಕಿ ಹತ್ತಿರದ ಗಿಡ

ಮೊದಲ ಅಭ್ಯಾಸ ತ್ಯಾಮಗೊಂಡ್ಲುವಿನಲ್ಲಿ ಒಂದು ಮದುವೆ. ಎರಡು ದಿನ. ಹೊರಡುವ ಮುಂಚೆ ಅಕ್ಕ ನನಗೆ ಒಂದು ಗಂಟೆ ಪಾಠ ಮಾಡಿದಳು. "ಇದಕ್ಕೆ ಒಂದು ಲೋಟ. ಇದಕ್ಕೆ ಅರ್ಧ. ಇದಕ್ಕೆ ಎಲೆ ಮೇಲೆ ಚಿಮುಕಿಸು, ಬುಡಕ್ಕೆ ಹಾಕಿದ್ರೆ ಮುನಿಸ್ಕೊಳುತ್ತೆ. ಇದರ ಹತ್ರ ಒಂದೆರಡು ಮಾತಾಡು."

"ಏನು ಮಾತಾಡ್ಲಿ ಅಕ್ಕಾ?"

"ನಿನ್ನ ಮಾತು ಬೇಡ. ಒಳ್ಳೇ ಮಾತಾಡು."

ಆ ಎರಡು ದಿನ ನನ್ನ ಒಂದು ಮಗ್ಗ ಕೈಕೊಟ್ಟಿತು. ಎಳೆ ಕಟ್ಟುತ್ತ ಕೂತವನಿಗೆ ಪಕ್ಕದ ಮನೆ ನೆನಪಾದದ್ದು ಅವರ ಬಸ್ಸು ಊರು ಮುಟ್ಟುವ ಹೊತ್ತಿಗೆ. ಓಡಿಹೋಗಿ ಬಕೆಟ್ಟಿನಲ್ಲಿ ಎಲ್ಲಕ್ಕೂ ಒಂದೇ ಸಮ ನೀರು ಸುರಿದು, ನೆಲ ಒರೆಸಿ, ಬಾಗಿಲಲ್ಲಿ ನಗುತ್ತ ನಿಂತೆ.

ಅಕ್ಕ ಒಳಗೆ ಬಂದವಳೇ ಒಂದೊಂದನ್ನೂ ವಿಚಾರಿಸಿದಳು. ನಾನೂ ಒಂದೊಂದಕ್ಕೂ ಉತ್ತರ ಕೊಟ್ಟೆ. "ಆ ಕಿಟಕಿ ಹತ್ರದ್ದು?" ಎಂದಾಗ ಬರೀ ಚೆನ್ನಾಗಿತ್ತು ಅಂದರೆ ನಂಬಲಿಕ್ಕಿಲ್ಲ ಅನ್ನಿಸಿ ಸ್ವಲ್ಪ ಒಗ್ಗರಣೆ ಹಾಕಿದೆ.

"ಅಯ್ಯೋ, ಅದೇ ಅಕ್ಕಾ ನನಗೆ ಭಯ ಹುಟ್ಟಿಸಿದ್ದು. ಮೊದಲನೇ ದಿನ ಕತ್ತು ಬಗ್ಗಿಸ್ಬಿಡ್ತು. ನಾನು ಮಗ್ಗ ನಿಲ್ಲಿಸಿ ಬಂದು, ಪಕ್ಕದಲ್ಲೇ ಕೂತು, ಚಮಚದಲ್ಲಿ ಸ್ವಲ್ಪಸ್ವಲ್ಪ ಕುಡಿಸ್ದೆ. ಇವತ್ತು ಬೆಳಿಗ್ಗೆ ನೋಡ್ತೀನಿ, ಹೊಸ ಎಲೆ ಬಿಟ್ಟಿದೆ!"

ಅಕ್ಕ ಆ ಗಿಡದ ಜುಟ್ಟು ಹಿಡಿದು ಮೇಲಕ್ಕೆತ್ತಿದಳು. ಬೇರಿನ ಜಾಗದಲ್ಲಿ ಒಂದು ತಂತಿ ಇತ್ತು.

"ಪ್ಲಾಸ್ಟಿಕ್ಕು," ಎಂದಳು. "ಸಂತೆಯಿಂದ ತಂದಿದ್ದು. ನಿನಗೋಸ್ಕರಾನೇ ಇಟ್ಟು ಹೋಗಿದ್ದೆ."

ಹಿಂದೆ ನಿಂತಿದ್ದ ಅಣ್ಣ ಸೂಟ್‌ಕೇಸ್ ಕೆಳಗಿಟ್ಟು ಹಣೆ ಒತ್ತಿಕೊಂಡ. ಅವನ ಸಮುದ್ರ ಒಂದು ವರ್ಷ ಮುಂದಕ್ಕೆ ಹೋದದ್ದು ನನಗೇ ಕಾಣಿಸಿತು. ಆದರೂ ಒಮ್ಮೆ ಹೇಳಿದ ಮಾತಿನಿಂದ ಹಿಂದೆ ಸರಿಯುವವನು ನಾನಲ್ಲ.

"ಇರ್ಬಹುದು ಅಕ್ಕಾ," ಎಂದೆ, "ಆದ್ರೆ ಹೊಸ ಎಲೆ ಬಿಟ್ಟಿದ್ದು ಮಾತ್ರ ನಿಜ."

ಎರಡು: ಕ್ಯಾಲೆಂಡರ್ ಕಾಣುವ ಹಾಗೆ

ಅಷ್ಟಾದ ಮೇಲೂ ಬೀಗದ ಕೈ ಮತ್ತೆ ನನಗೇ ಯಾಕೆ ಬಂತು ಎಂದು ನೀವು ಕೇಳಬಹುದು. ಬೀದಿಯಲ್ಲಿ ಹಗಲೆಲ್ಲ ಮನೆಯಲ್ಲೇ ಸಿಗುವ ಗಂಡಸು ನಾನೊಬ್ಬನೇ. ಇದನ್ನು ನನ್ನ ಹೆಂಡತಿ ಹೊಗಳಿಕೆಯ ದನಿಯಲ್ಲಿ ಹೇಳುವುದಿಲ್ಲ.

ಚಿಂತಾಮಣಿಯಲ್ಲಿ ಅಕ್ಕನ ತಂಗಿಯ ಗೃಹಪ್ರವೇಶ. ಐದು ದಿನ. ಈ ಸಲ ಅಕ್ಕ ಹುಷಾರಾಗಿದ್ದಳು. "ದಿನಾ ಬೆಳಿಗ್ಗೆ ನೀರು ಹಾಕಿ ಫೋಟೊ ಕಳಿಸ್ಬೇಕು. ಗೋಡೆ ಮೇಲಿನ ಕ್ಯಾಲೆಂಡರ್ ಕಾಣೋ ಹಾಗೆ ತೆಗೀಬೇಕು. ದಿನಕ್ಕೊಂದು ಹಾಳೆ ಹರೀಬೇಕು. ನನ್ನ ಹತ್ರ ಆಟ ಬೇಡ."

ಅವಳ ಮನೆಯದು ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ಮಂಗಳವಾರ ಅವರು ಹೊರಟರು. ನಾನು ಮಂಗಳವಾರವೇ ಐದು ದಿನದ ನೀರನ್ನೂ ಒಟ್ಟಿಗೆ ಹಾಕಿ, ಒಂದು ಫೋಟೊ ತೆಗೆದೆ. ಹಾಳೆ ಹರಿದೆ, ಬುಧವಾರದ್ದು ತೆಗೆದೆ. ಹೀಗೇ ಶನಿವಾರದವರೆಗೂ ತೆಗೆದು ಫೋನಿನಲ್ಲಿಟ್ಟುಕೊಂಡೆ. ಒಂದರಲ್ಲಿ ಬೆಳಕು ಬೇರೆ ಇರಲಿ ಎಂದು ಪರದೆ ಸರಿಸಿದ್ದೆ. ಒಂದು ಕೆಲಸ ಮಾಡಿದರೆ ಮನಸ್ಸಿಟ್ಟು ಮಾಡಬೇಕು.

ಅಕ್ಕನಿಗೆ ಬುಧವಾರದ ಫೋಟೊದಲ್ಲಿ ಮನಿ ಪ್ಲಾಂಟಿನ ಮುಖ ಬಾಡಿದ ಹಾಗೆ ಕಂಡಿತಂತೆ. ಮದುವೆ ಮನೆಯಲ್ಲಾದರೆ ಇನ್ನೊಬ್ಬರು ಸಮಾಧಾನ ಮಾಡುತ್ತಿದ್ದರು, ತಂಗಿಯ ಮನೆಯಲ್ಲಿ ಯಾರೂ ಅಕ್ಕನಿಗೆ ಎದುರು ಮಾತಾಡುವುದಿಲ್ಲ. ಗುರುವಾರ ಬೆಳಗಿನ ಮೊದಲ ಬಸ್ಸಿಗೇ ಅಣ್ಣನನ್ನು ಎಬ್ಬಿಸಿಕೊಂಡು ಬಂದುಬಿಟ್ಟಳು. ನನಗೆ ಸುದ್ದಿಯಿಲ್ಲ.

ಮನೆಗೆ ಬಂದು ನೋಡಿದರೆ ಗೋಡೆ ಮೇಲೆ ಶನಿವಾರ! ನೆಂಟರ ಗದ್ದಲದಲ್ಲಿ ವಾರ ಮರೆತುಹೋಯಿತು ಅಂದುಕೊಂಡ ಅಕ್ಕ, ಸ್ನಾನ ಮಾಡಿ, ಶನಿವಾರದ ಒಪ್ಪತ್ತು ಹಿಡಿದು, ಅಣ್ಣನ ಕೈಗೂ ತಿಂಡಿ ಕೊಡದೆ ಎಳ್ಳೆಣ್ಣೆ ಕೊಟ್ಟು ಆಂಜನೇಯನ ಗುಡಿಗೆ ಅಟ್ಟಿದಳು. ಗುಡಿಯಲ್ಲಿ ಪೂಜಾರಿ "ಏನಣ್ಣ, ಗುರುವಾರವೇ ಶನಿವಾರ ಮಾಡ್ತಿದೀಯ?" ಎಂದು ಕೇಳಿದನಂತೆ. ಹಸಿದಿದ್ದ ಅಣ್ಣ "ನಮ್ಮನೇಲಿ ಅವಳು ಹೇಳಿದ್ದೇ ವಾರ" ಎಂದು ದೀಪ ಹಚ್ಚಿ ಬಂದ.

ಅಷ್ಟು ಹೊತ್ತಿಗೆ ಸರಿಯಾಗಿ ನಾನು ಮಗ್ಗದ ಮುಂದೆ ಕೂತು ಗುರುವಾರದ ಫೋಟೊ ಕಳಿಸಿದೆ. ಕೆಳಗೆ ಬರೆದೆ: ಈಗ ತಾನೆ ನೀರು ಹಾಕಿದೆ, ಎಲ್ಲ ನಗ್ತಾ ಇದಾವೆ.

ತಕ್ಷಣ ಫೋನ್ ಬಂತು. ಅಕ್ಕನ ದನಿ ಬೆಣ್ಣೆ ಹಾಗಿತ್ತು. "ಎಲ್ಲಿದೀಯಪ್ಪಾ?"

"ನಿಮ್ಮನೇಲೇ ಅಕ್ಕಾ. ಗಿಡದ ಮುಂದೆ ನಿಂತಿದೀನಿ."

"ಹೌದಾ? ನಾನೂ ಅಲ್ಲೇ ನಿಂತಿದೀನಿ. ನೀನು ಕಾಣಿಸ್ತಾನೇ ಇಲ್ಲ."

ಸಿಕ್ಕಿಬಿದ್ದೆ ಎಂದು ಗೊತ್ತಾಯಿತು. ಆದರೂ ಬಾಯಿ ಅದರ ಪಾಡಿಗೆ ಅದು ಮಾತಾಡಿತು: "ಆ ದೊಡ್ಡ ಕ್ರೋಟನ್ ಅಡ್ಡ ಬಂದಿರ್ಬೇಕು ಅಕ್ಕಾ."

ಮೂರು: ಪಕ್ಕದ ಮನೆಗೆ ಪ್ರವಾಸ

ಅಣ್ಣ ಸೊರಗಿದ. ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಕಡಲ ಕಡೆ ಹೋಗುವ ಬೋರ್ಡುಗಳನ್ನು ಓದಿ ಬರುತ್ತಿದ್ದ. ಅವನ ಮುಖ ನೋಡಲಾಗದೆ ಅಕ್ಕ ಒಂದು ಮೆಟ್ಟಿಲು ಇಳಿದಳು. "ನಾಟಕಕ್ಕೆ ರಿಹರ್ಸಲ್ ಇರಲ್ವೇನ್ರೀ? ಹಾಗೆ ಒಂದಿನ ಹೋದ ಹಾಗೆ ಮಾಡೋಣ. ಇವನು ನೀರು ಹಾಕ್ಲಿ. ನಾನು ದೂರದಿಂದ ನೋಡ್ತೀನಿ."

ದೂರ ಅಂದರೆ ನಮ್ಮ ಮನೆ. ಭಾನುವಾರ ಬೆಳಿಗ್ಗೆ ಇಬ್ಬರೂ ಸೂಟ್‌ಕೇಸ್ ಹಿಡಿದು, ಮನೆಗೆ ಬೀಗ ಹಾಕಿ, ನನ್ನ ಕೈಗೆ ಬೀಗದ ಕೈ ಕೊಟ್ಟು, ಎಂಟು ಹೆಜ್ಜೆ ನಡೆದು ನಮ್ಮ ಮನೆಗೆ ಪ್ರವಾಸ ಬಂದರು. ಅಕ್ಕ ನೀರಿನ ಬಾಟಲಿ, ಚಕ್ಕುಲಿ, ಬೆಡ್‌ಶೀಟು ಎಲ್ಲ ತಂದಿದ್ದಳು. ನಾನು ಗೈಡ್ ಆಗಿ ಮಗ್ಗದ ಮನೆ ತೋರಿಸಿದೆ. "ಎಡಗಡೆ ಕಾಣುವುದು ಕೆಟ್ಟು ನಿಂತ ಮಗ್ಗ. ಬಲಗಡೆ ಕಾಣುವುದು ಕೆಡಲಿರುವ ಮಗ್ಗ."

ಅಕ್ಕ ಹಿತ್ತಿಲ ಗೋಡೆ ಹತ್ತಿರ ಸ್ಟೂಲ್ ಹಾಕಿಕೊಂಡು ತನ್ನ ಮನೆಯ ಕಿಟಕಿಯನ್ನು ಕಾವಲು ಕಾದಳು. ನಾನು ಒಳಗೆ ನೀರು ಹಾಕುವಾಗ "ಜಾಸ್ತಿ ಆಯ್ತು! ಅದಕ್ಕಲ್ಲ, ಪಕ್ಕದ್ದಕ್ಕೆ!" ಎಂಬ ಕೂಗು ಗೋಡೆ ದಾಟಿ ಬರುತ್ತಿತ್ತು. ಅಣ್ಣ ಮಾತ್ರ ನಮ್ಮ ಹಾಲಿನ ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತ. ಆ ಕಿಟಕಿಗೆ ಕಾಣುವುದು ಅವನದೇ ಮನೆಯ ಗೋಡೆ, ಅದರ ಮೇಲೊಂದು ನೀರಿನ ಪೈಪು. ಮೂರು ಹೊತ್ತೂ ಅದನ್ನೇ ನೋಡಿದ.

ಸಂಜೆ ಹೊರಡುವಾಗ ನನ್ನ ಹೆಂಡತಿ, ಮೂರು ಹೊತ್ತು ಬೇಯಿಸಿ ಬಳಲಿದವಳು, ಕೇಳಿದಳು: "ಹೇಗಿತ್ತಣ್ಣ ಟೂರು?"

"ಚೆನ್ನಾಗಿತ್ತಮ್ಮ," ಎಂದ ಅಣ್ಣ ನಿಟ್ಟುಸಿರು ಬಿಟ್ಟು. "ಬಸ್ಸೇ ಹೊರಡ್ಲಿಲ್ಲ ಅಷ್ಟೆ."

ನಾಲ್ಕು: ಬಾಗಿಲ ಕೆಳಗಿನ ಕೆಂಪು

ರಿಹರ್ಸಲ್‌ನಲ್ಲಿ ಒಂದು ಗಿಡವೂ ಸಾಯಲಿಲ್ಲವಾದ್ದರಿಂದ ಅಕ್ಕ ಕಡೆಗೂ ಒಪ್ಪಿದಳು. ನೆಲಮಂಗಲಕ್ಕೆ ಹೋಗಿ ಅಲ್ಲಿ ಉಡುಪಿ ಬಸ್ಸು ಹಿಡಿಯುವುದು, ನಾಲ್ಕು ದಿನ ಇದ್ದು ಬರುವುದು ಎಂದಾಯಿತು. ಅಣ್ಣ ಕಿಟಕಿ ಪಕ್ಕದ ಸೀಟನ್ನೇ ಬುಕ್ ಮಾಡಿಸಿ, ಟಿಕೆಟನ್ನು ಬೀದಿಯವರಿಗೆಲ್ಲ ತೋರಿಸಿದ. ಜೀವಮಾನವೆಲ್ಲ ಬೇರೆಯವರಿಗೆ ಟಿಕೆಟ್ ಕೊಟ್ಟವನು ತನ್ನ ಟಿಕೆಟನ್ನು ಹೆರಿಗೆ ಆಸ್ಪತ್ರೆಯಿಂದ ತಂದ ಕೂಸಿನ ಹಾಗೆ ಹಿಡಿದುಕೊಂಡಿದ್ದ.

ಈ ಸಲ ಮರೆಯುವ ಮಾತೇ ಬೇಡ, ಗಿಡಗಳು ತಾವೇ ನೀರು ಕುಡಿಯುವ ಹಾಗೆ ಮಾಡೋಣ ಎಂದು ನಾನು ಮೆಕ್ಯಾನಿಕ್ ಭಾಯ್‌ನನ್ನು ಕೇಳಿದೆ. ಅವನು ನಮ್ಮ ಕಡೆಯ ಮಗ್ಗಗಳನ್ನೆಲ್ಲ ರಿಪೇರಿ ಮಾಡುವವನು, ಮೂರು ಮನೆ ಆಚೆ ಇರುವುದು. "ಬಹಳ ಸುಲಭ ಅಣ್ಣಾ," ಎಂದ. "ಬಕೆಟ್ಟಲ್ಲಿ ನೀರಿಡಿ. ಹತ್ತಿ ನೂಲಿನ ಒಂದು ತುದಿ ನೀರಲ್ಲಿ, ಇನ್ನೊಂದು ತುದಿ ಕುಂಡದ ಮಣ್ಣಲ್ಲಿ. ನೂಲು ನೀರು ಎಳ್ಕೊಳುತ್ತೆ."

ನೂಲಿಗೆ ನನಗೇನು ಕೊರತೆ? ಮೊದಲು ಸೀರೆಗೆ ಹಾಕುವ ಪಾಲಿಸ್ಟರ್ ನೂಲಿನಲ್ಲಿ ಮಾಡಿ ನೋಡಿದೆ. ಒಂದು ಹನಿಯೂ ಏರಲಿಲ್ಲ. ಭಾಯ್ ತಲೆ ಚಚ್ಚಿಕೊಂಡು "ಹತ್ತಿ ಅಂದೆ ಅಣ್ಣಾ, ಹತ್ತಿ" ಎಂದ. ಹತ್ತಿ ನೂಲು ನನ್ನ ಹತ್ತಿರ ಇದ್ದದ್ದು ಒಂದೇ ಮೂಟೆ. ಕುಂಕುಮದ ಬಣ್ಣದ್ದು. ಬಣ್ಣ ಬಿಡುತ್ತದೆ ಎಂದು ಯಾರೂ ಮುಟ್ಟದೆ ಮೂಲೆಯಲ್ಲಿ ಬಿದ್ದಿತ್ತು. ನೇಯುವವನು ನಾನು, ಬಣ್ಣ ಬಿಡುವ ನೂಲನ್ನು ನೀರಿಗೆ ಹಾಕಿದರೆ ಏನಾಗುತ್ತದೆ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಗೊತ್ತಿತ್ತು. ಆದರೆ ಗಿಡಕ್ಕೆ ಬಣ್ಣ ಬಂದರೆ ಬರಲಿ, ಅದೇನು ಸೀರೆಯೇ ಅಂದುಕೊಂಡೆ.

ಬೆಳಿಗ್ಗೆ ಆರಕ್ಕೆ ಅವರು ಹೊರಟರು. ಏಳಕ್ಕೆ ನಾನು ಒಳಗೆ ಹೋಗಿ ಎಂಟು ಬಕೆಟ್ ನೀರಿಟ್ಟು, ನಲವತ್ತಮೂರು ಕುಂಡಕ್ಕೂ ಲಡಿಗಟ್ಟಲೆ ಕೆಂಪು ನೂಲು ಎಳೆದು, ಬೀಗ ಹಾಕಿ ಬಂದು ಮಗ್ಗ ಶುರು ಮಾಡಿದೆ. ನೂಲು ನನ್ನ ಮರ್ಯಾದೆ ಉಳಿಸಲೆಂದೇ ಪಣ ತೊಟ್ಟ ಹಾಗೆ ನೀರು ಎಳೆಯಿತು. ಕುಂಡ ತುಂಬಿತು, ನೆಲಕ್ಕೆ ಇಳಿಯಿತು, ಹಾಲಿನ ಇಳಿಜಾರು ಹಿಡಿದು ಬಾಗಿಲ ಕೆಳಗಿನಿಂದ ಬೀದಿಗೆ ಬಂತು.

ಹತ್ತು ಗಂಟೆಗೆ ಹೊರಗೆ ಗದ್ದಲ. ಮಗ್ಗ ನಿಲ್ಲಿಸಿ ಹೋದರೆ ಅಣ್ಣನ ಬಾಗಿಲಲ್ಲಿ ಮೂವತ್ತು ಜನ.

"ರಕ್ತ! ಒಳಗಿಂದ ಬರ್ತಾ ಇದೆ!"

"ಮನೇಲಿ ಯಾರೂ ಇಲ್ವಲ್ಲ, ಊರಿಗೆ ಹೋದ್ರು."

ಹೂ ಮಾರುವವಳು ದನಿ ತಗ್ಗಿಸಿ ಹೇಳಿದಳು: "ಇಬ್ರೂ ಹೋಗಿದ್ದನ್ನ ನೋಡ್ದೋರು ಯಾರಿದೀರಾ? ನಾನಂತೂ ಕಂಡಕ್ಟ್ರಣ್ಣ ಒಬ್ಬನೇ ಹೋಗಿದ್ದು ನೋಡ್ದೆ."

ಗುಂಪೆಲ್ಲ ಒಟ್ಟಿಗೆ ಉಸಿರೆಳೆದುಕೊಂಡಿತು. "ಸಮುದ್ರಕ್ಕೆ ಬಾ ಬಾ ಅಂತ ವರ್ಷಗಟ್ಟಲೆ ಜಗಳ ಆಡ್ತಿದ್ರಲ್ವಾ?" ಎಂದರು ಒಬ್ಬರು. ಅಷ್ಟರಲ್ಲಿ ಯಾರೋ ಕರೆಸಿದ್ದ ಕಾನ್‌ಸ್ಟೇಬಲ್ ಕೂಡ ಬಂದರು. ಬೀಗ ನೋಡಿದರು, ಕೆಂಪು ನೋಡಿದರು, ಅಣ್ಣನ ನಂಬರ್ ತೆಗೆದುಕೊಂಡು ಸ್ಪೀಕರ್‌ನಲ್ಲಿ ಫೋನ್ ಮಾಡಿದರು. ಬಸ್ಸು ಆಗ ಕುಣಿಗಲ್ ದಾಟಿತ್ತು.

"ಎಲ್ಲಿದೀರಿ?"

"ಕಿಟಕಿ ಪಕ್ಕ ಸಾರ್," ಎಂದ ಅಣ್ಣ ಹೆಮ್ಮೆಯಿಂದ.

"ನಿಮ್ಮ ಹೆಂಡತಿ ಬದುಕಿದಾರೇನ್ರೀ?"

"ಪಕ್ಕದಲ್ಲೇ ಕೂತು ಬೈತಾ ಇದಾಳೆ ಸಾರ್."

ಕಾನ್‌ಸ್ಟೇಬಲ್ ಫೋನನ್ನು ಎದೆಗೆ ಒತ್ತಿಕೊಂಡು ನಮ್ಮ ಕಡೆ ತಿರುಗಿದರು. "ಹಾಗಾದ್ರೆ ಒಳಗಿರೋದು ಯಾರು?"

ನಾನು ಗುಂಪು ಸೀಳಿಕೊಂಡು ಮುಂದೆ ಹೋಗಿ ಬಗ್ಗಿ ನೋಡಿದೆ. ನನ್ನ ಸರಕು ನನಗೆ ಗುರುತು ಸಿಗದೆ ಇರುತ್ತದೆಯೇ? ಬೀಗದ ಕೈ ತೆಗೆದೆ. ಬಾಗಿಲು ತೆರೆದರೆ ಇಡೀ ನೆಲ ಓಕುಳಿ. ಎಲ್ಲ ಹೇಳಿಬಿಟ್ಟೆ. ಆದರೆ ತಡವಾಗಿತ್ತು. ಹಿಂದೆ ಯಾರೋ ಕೂಗಿದ "ಗಿಡ ಎಲ್ಲ ಮುಳುಗೋಗಿದಾವೆ!" ಎಂಬ ಮಾತು ಫೋನಿಗೆ ಕೇಳಿಸಿ, ಅಕ್ಕ ಬಸ್ಸು ನಿಲ್ಲಿಸಿಬಿಟ್ಟಿದ್ದಳು.

ಮಧ್ಯಾಹ್ನ ಅಣ್ಣ ಸೂಟ್‌ಕೇಸ್ ಹಿಡಿದು ಬೀದಿಯಲ್ಲಿ ನಡೆದು ಬಂದ. ನನಗೆ ಬೈಯಲಿಲ್ಲ. ಅದೇ ಕಷ್ಟವಾಯಿತು. "ಕುಣಿಗಲ್ ತನಕ ಚೆನ್ನಾಗಿತ್ತು ಗುರು. ತೆಂಗಿನ ತೋಟ ಹಿಂದಕ್ಕೆ ಓಡ್ತವೆ, ಅಲ್ವಾ? ನನಗೆ ಗೊತ್ತೇ ಇರ್ಲಿಲ್ಲ" ಎಂದು ಒಳಗೆ ಹೋದ. ಅವತ್ತು ಇಡೀ ದಿನ ನನಗೆ ನಗು ಬರಲಿಲ್ಲ.

ಮಾರನೇ ದಿನ ಬಂತು. ನೆಲ ತೊಳೆಯುವಾಗ ಬೀದಿಯ ಬಿಳಿ ಬೆಕ್ಕು ಎದುರಿಗೆ ಬಂದು ಕೂತಿತ್ತು, ನಾಲ್ಕು ಕಾಲಿಗೂ ಮದರಂಗಿ ಹಾಕಿಸಿಕೊಂಡು.

ಐದು: ನನ್ನನ್ನು ಊರು ಬಿಡಿಸಿದ್ದು

ಕಾರ್ತಿಕ ಮಾಸದಲ್ಲಿ ಒಂದು ಸಂಜೆ ಅಕ್ಕ ನಮ್ಮ ಮನೆಗೆ ಬಂದು, ನನ್ನ ಮುಖ ನೋಡದೆ ನನ್ನ ಹೆಂಡತಿಗೆ ಹೇಳಿದಳು: "ಎಷ್ಟು ದಿನ ಆ ಮನುಷ್ಯನ್ನ ಹೀಗೆ ನೋಯಿಸ್ಲಿ? ಹೋಗೇ ಬರೋಣ ಅಂತ. ಗಿಡಕ್ಕೆ ನೀರು ಹಾಕೋಕೆ ಭಾಭಿ ಒಪ್ಕೊಂಡಿದಾರೆ. ಆದ್ರೆ ಒಂದು ಕಷ್ಟ."

ಭಾಭಿ ಅಂದರೆ ಮೆಕ್ಯಾನಿಕ್ ಭಾಯ್ ಹೆಂಡತಿ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಡಂ. ಬೀದಿಯಲ್ಲೇ ಅಷ್ಟು ಕಟ್ಟುನಿಟ್ಟಿನ ಇನ್ನೊಬ್ಬರಿಲ್ಲ.

"ಭಾಭಿ ಇದ್ಮೇಲೆ ಏನಕ್ಕಾ ಕಷ್ಟ?" ಎಂದಳು ನನ್ನ ಹೆಂಡತಿ.

"ಇವನು ಊರಲ್ಲಿರ್ತಾನಲ್ಲ."

ನನ್ನ ಹೆಂಡತಿ ಒಂದು ಕ್ಷಣವೂ ಯೋಚಿಸಲಿಲ್ಲ. "ಕರ್ಕೊಂಡ್ ಹೋಗಿ ಅಕ್ಕಾ. ಮಗ್ಗ ನಾನು ನೋಡ್ಕೊತೀನಿ. ಬೇಗ ವಾಪಸ್ ತರ್ಬೇಕು ಅಂತೇನಿಲ್ಲ."

ಹೀಗೆ ಗಿಡಗಳ ರಕ್ಷಣೆಗಾಗಿ ನಾನು ಜೀವನದಲ್ಲಿ ಮೊದಲ ಸಲ ಪ್ರವಾಸ ಹೊರಟೆ. ಬೆಳಿಗ್ಗೆ ಆಟೊ ಬಂದು ಹಾರ್ನ್ ಹೊಡೆಯುತ್ತಿತ್ತು. ಅಕ್ಕ ಎಲ್ಲ ಗಿಡಕ್ಕೂ ಕೈ ಮುಗಿದು, ಬೀಗ ಹಾಕಿ, "ಓಡಿ ಹೋಗಿ ಭಾಭಿ ಕೈಗೆ ಕೊಟ್ಟು ಬಾ" ಎಂದು ಬೀಗದ ಕೈ ಕೊಟ್ಟಳು. ಓಡಿದೆ. ಬಾಗಿಲಲ್ಲಿ ಭಾಯ್ ಸಿಕ್ಕ. "ಏನಣ್ಣಾ, ಅರೆಸ್ಟ್ ಮಾಡಿ ಕರ್ಕೊಂಡ್ ಹೋಗ್ತಿದಾರಂತೆ?" ಎಂದ. ನಾನೂ ಒಂದು ಮಾತು ಅಂದೆ, ಇಬ್ಬರೂ ನಕ್ಕೆವು, ನಾನು ವಾಪಸ್ ಓಡಿ ಬಂದು ಆಟೊ ಹತ್ತಿದೆ.

ಬಸ್ಸಿನಲ್ಲಿ ಅಣ್ಣ ಕಿಟಕಿ ಪಕ್ಕ ಕೂತ. ಪ್ರತಿ ಸ್ಟಾಪಿನಲ್ಲೂ ಕತ್ತು ಹೊರಗೆ ಹಾಕಿ "ರೈಟ್ ರೈಟ್" ಎಂದ. ಮುಂದಿನ ಸೀಟಿನ ಅಜ್ಜಿ ಅವನ ಹತ್ತಿರವೇ ಹಾಸನಕ್ಕೆ ಟಿಕೆಟ್ ಕೇಳಿದಳು. ಹಾಸನ ದಾಟಿದ ಮೇಲೆ ಎದ್ದು ಕಂಬಿ ಹಿಡಿದು ನಿಂತುಬಿಟ್ಟ. "ಯಾಕಣ್ಣ?" ಎಂದರೆ, "ಕೂತ್ರೆ ಸೊಂಟ ಹಿಡ್ಕೊಳುತ್ತೆ ಗುರು. ಅಭ್ಯಾಸ ಇಲ್ಲ" ಎಂದ. ಕಿಟಕಿ ಪಕ್ಕ ನಾನು ಕೂತೆ. ಘಾಟಿ ಚೆನ್ನಾಗಿತ್ತು.

ಮಾರನೇ ಬೆಳಿಗ್ಗೆ ಮಲ್ಪೆಯ ಮರಳಿನಲ್ಲಿ ಅಕ್ಕ ಸಮುದ್ರದ ಎದುರು ನಿಂತಳು. ಅಣ್ಣ ಸಮುದ್ರ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

"ಇಷ್ಟೊಂದು ನೀರು," ಎಂದಳು ಕೊನೆಗೆ. "ಒಂದು ಕುಂಡಕ್ಕೂ ಬರಲ್ವಲ್ರೀ."

"ನೋಡು ಅಂತ ಕರ್ಕೊಂಡ್ ಬಂದಿದ್ದು ಕಣೇ, ಹಾಕು ಅಂತಲ್ಲ."

ಅಲೆ ಬಂದು ಕಾಲು ಮುಟ್ಟಿತು. ಅಕ್ಕ ಕಿರುಚಿ, ಸೀರೆ ಎತ್ತಿ ಹಿಡಿದು, ಹಿಂದಕ್ಕೆ ಓಡಿ, ಮತ್ತೆ ಮುಂದಕ್ಕೆ ಹೋದಳು. ನಾನೂ ನೀರಿಗಿಳಿಯೋಣ ಎಂದು ಪ್ಯಾಂಟ್ ಮಡಿಸಿ, ಫೋನ್ ತೆಗೆದಿಡಲು ಜೇಬಿಗೆ ಕೈ ಹಾಕಿದೆ. ಫೋನಿನ ಜೊತೆ ಇನ್ನೊಂದು ಹೊರಗೆ ಬಂತು. ಅಕ್ಕನ ಮನೆಯ ಬೀಗದ ಕೈ.

ದೇವರಾಣೆ, ಈ ಸಲ ಬೇಕೆಂದು ಮಾಡಿದ್ದಲ್ಲ. ಅಣ್ಣನನ್ನು ಪಕ್ಕಕ್ಕೆ ಕರೆದು ಅಂಗೈ ಬಿಚ್ಚಿ ತೋರಿಸಿದೆ. ಅವನು ಥಟ್ಟನೆ ನನ್ನ ಅಂಗೈ ಮಡಿಚಿ ಮುಚ್ಚಿದ.

"ಈಗ ಹೇಳಿದ್ರೆ ಮುಂದಿನ ಬಸ್ಸಿಗೇ ಊರು," ಎಂದ.

"ಹೇಳ್ದೆ ಇದ್ರೆ ಗಿಡ ಹೋಗುತ್ತೆ ಅಣ್ಣ."

ಅಣ್ಣ ಸಮುದ್ರದ ಕಡೆ ನೋಡಿದ. ಅಕ್ಕ ಯಾರದೋ ಮಕ್ಕಳ ಜೊತೆ ನಿಂತು ಅಲೆ ಎಣಿಸುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅವನು ನೋಡಿಯೂ ಬಹಳ ವರ್ಷವಾಗಿತ್ತೋ ಏನೋ. "ಬಾಯಿ ಮುಚ್ಕೊಂಡಿರು," ಎಂದ ಮೆಲ್ಲಗೆ. "ಗಿಡದ ಪಾಪ ನನಗಿರ್ಲಿ."

ಮುಂದಿನ ಎರಡು ದಿನ ನಾವಿಬ್ಬರೂ ಪಟ್ಟ ಪಾಡು ಹೇಳತೀರದು. ಅಕ್ಕ "ಭಾಭಿಗೆ ಒಂದು ಫೋನ್" ಎಂದಾಗಲೆಲ್ಲ ಅಣ್ಣ "ನೋಡಲ್ಲಿ ದೋಣಿ" ಎನ್ನುತ್ತಿದ್ದ. ದೋಣಿ ಇಲ್ಲದಾಗ ನಾನು ನೆಟ್‌ವರ್ಕ್ ಇಲ್ಲ ಎನ್ನುತ್ತಿದ್ದೆ. ಅಣ್ಣನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಪ್ರತಿ ಸುಳ್ಳಿಗೂ ಬೆವರುತ್ತಿದ್ದ. ಸಮುದ್ರದ ಸೆಕೆ ಅಂದುಕೊಂಡು ಅಕ್ಕ ಅವನಿಗೆ ಬೀಸಣಿಗೆ ಬೀಸಿದಳು. ಅವನು ಇನ್ನೂ ಬೆವರಿದ.

ನಾಲ್ಕನೇ ದಿನ ಬೆಳಿಗ್ಗೆ, ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದಾಗ, ಅಕ್ಕ ನಮ್ಮನ್ನು ಕೇಳದೆಯೇ ವಿಡಿಯೊ ಕಾಲ್ ಮಾಡಿಬಿಟ್ಟಳು. ಅಣ್ಣ ಕೈಯಲ್ಲಿದ್ದ ಬನ್ಸ್ ತಟ್ಟೆಗೆ ಬಿಟ್ಟ. ನಾನು ಬಾಗಿಲು ಎಷ್ಟು ದೂರ ಇದೆ ಎಂದು ನೋಡಿಕೊಂಡೆ.

"ಭಾಭಿ, ಗಿಡ ತೋರಿಸಿ," ಎಂದಳು ಅಕ್ಕ.

"ಒಂದು ನಿಮಿಷ ಅಕ್ಕಾ," ಎಂದು ಭಾಭಿ ನಡೆದುಹೋದ ಸದ್ದು. ಆಮೇಲೆ ಫೋನಿನಲ್ಲಿ ಅಕ್ಕನ ಮನೆಯ ಒಳಗೆಲ್ಲ ಕಾಣಿಸಿತು. ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕನ ಕೂಗು ಕೇಳಿ ತೆರೆದೆ.

"ರೀ! ಇಲ್ನೋಡ್ರೀ! ಆಂಥೂರಿಯಂ ಹೂ ಬಿಟ್ಟಿದೆ! ಮೂರು ವರ್ಷದಿಂದ ಒಂದು ಮೊಗ್ಗು ಕಾಣಿಸ್ದೇ ಇದ್ದಿದ್ದು!"

ನಿಜ. ಕೆಂಪಗೆ ಒಂದು ಹೂ ತಲೆ ಎತ್ತಿತ್ತು. ಮನಿ ಪ್ಲಾಂಟು ಹೊಸ ಎಲೆ ಬಿಚ್ಚಿತ್ತು. ವರ್ಷವೆಲ್ಲ ಹಳದಿ ತಿರುಗಿಕೊಂಡಿದ್ದ ಜರೀಗಿಡ ಕೂಡ ಹಸಿರಾಗಿ ನೆಟ್ಟಗೆ ನಿಂತಿತ್ತು. ಅಕ್ಕನ ಕಣ್ಣಲ್ಲಿ ನೀರು. "ಭಾಭಿ, ನಿಮ್ಮ ಕೈಗುಣ ದೊಡ್ಡದು ಕಣ್ರೀ! ಏನು ಹಾಕ್ತಿದೀರಾ ಇವಕ್ಕೆ?"

"ಏನೂ ಇಲ್ಲ ಅಕ್ಕಾ," ಎಂದರು ಭಾಭಿ. "ನಾನು ಹೊರಗೆ, ಕಿಟಕಿಯಿಂದ ತೋರಿಸ್ತಾ ಇದೀನಿ. ನೀವು ಚಾವಿ ಕೊಡದೇ ಹೋದ್ರಲ್ಲ. ಮನಸ್ಸು ಬದಲಾಯಿಸಿದ್ರೇನೋ ಅಂತ ನಾನೂ ಕೇಳಲಿಲ್ಲ. ನಾಲ್ಕು ದಿನದಿಂದ ಒಂದು ತೊಟ್ಟು ನೀರು ಹಾಕಿಲ್ಲ. ಹಾಕದೇ ಇದ್ರೆ ಹೀಗೆ, ಹಾಕ್ತಾ ಇದ್ರೆ ಹಾಗೆ. ಲೆಕ್ಕ ನೀವೇ ಮಾಡ್ಕೊಳಿ."

ಫೋನ್ ಇಟ್ಟಾಯಿತು. ಇನ್ನು ಬಚ್ಚಿಟ್ಟು ಫಲವಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ಚಟ್ನಿ ಬಟ್ಟಲಿನ ಪಕ್ಕ ಇಟ್ಟೆ. ಅಕ್ಕ ಅದನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ನಿಮಗೂ ಗೊತ್ತಿತ್ತಾ?"

ಅಣ್ಣ ತಲೆ ತಗ್ಗಿಸಿ ಹೂಂಗುಟ್ಟಿದ. "ಮೊನ್ನೆಯಿಂದ. ನೀನು ಅಲೇಲಿ ಆಡ್ತಾ ಇದ್ದೆ. ಹೇಳೋಕೆ ಬಾಯಿ ಬರ್ಲಿಲ್ಲ ಕಣೇ."

ಗುಡುಗು ಮಿಂಚಿಗೆ ನಾನು ತಲೆ ಒಡ್ಡಿಕೊಂಡು ಕೂತೆ. ಅಕ್ಕ ಒಂದು ಲೋಟ ಕಾಫಿಯನ್ನು ಪೂರ್ತಿ ಕುಡಿದು ಮುಗಿಸಿದಳು.

"ಲೋ," ಎಂದಳು ನನಗೆ, "ಇಷ್ಟು ವರ್ಷದಲ್ಲಿ ನೀನು ಮಾಡಿದ ಒಳ್ಳೇ ಕೆಲಸ ಇದೊಂದೇ. ಅದೂ ಮಾಡ್ದೇ ಇದ್ದಿದ್ದು."

ಆಮೇಲೆ ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅಣ್ಣನಿಗೆ ಹೇಳಿದಳು: "ರೀ, ನಾಳೆ ಟಿಕೆಟ್ ಬೇಡ. ಇನ್ನೊಂದು ನಾಲ್ಕು ದಿನ ಇದ್ದು ಹೋಗೋಣ."

ಅಣ್ಣನ ಮುಖ ಅರಳಿತು. "ಅಷ್ಟು ಹಿಡಿಸ್ತೇನೇ ಸಮುದ್ರ?"

"ಸಮುದ್ರ ಇರ್ಲಿ ಬಿಡ್ರೀ," ಎಂದಳು ಅಕ್ಕ. "ಈಗಲೇ ಮನೆಗೆ ಹೋದ್ರೆ ನನ್ನ ಕೈ ಸುಮ್ನಿರಲ್ಲ. ನೀರು ಹಾಕ್ಬಿಡ್ತೀನಿ."